ಹಲ್ಲಿಗೆ ಕ್ಲಿಪ್ ಹಾಕಿಸ್ತೀರಾ? ದುಡ್ಡಿಗಿಂತ ಮೊದಲು ಎರಡು ವರ್ಷದ ಲೆಕ್ಕ ಹಾಕಿ

ಹಾವೇರಿ: ಹಲ್ಲಿಗೆ ತಂತಿ ಹಾಕಿಸೋದು ಈಗ ದೊಡ್ಡ ಊರಿನವರ ಕೆಲಸವಾಗಿ ಉಳಿದಿಲ್ಲ. ತಾಲೂಕು ಕೇಂದ್ರದ ಕ್ಲಿನಿಕ್‌ಗಳ ಬೋರ್ಡಿನಲ್ಲೂ 'ಇಲ್ಲಿ ಹಲ್ಲಿಗೆ ಕ್ಲಿಪ್ ಹಾಕಲಾಗುವುದು' ಅಂತ ಬರೆದಿರುತ್ತೆ. ಹೈಸ್ಕೂಲ್ ಮಕ್ಕಳಷ್ಟೇ ಅಲ್ಲ, ಗಲ್ಲಾಪೆಟ್ಟಿಗೆ ಮುಂದೆ ಕೂತ ಯುವಕರೂ, ಮದುವೆಗೆ ಬಂದ ಹುಡುಗಿಯರೂ ವಿಚಾರಿಸ್ತಿದ್ದಾರೆ.

ಮನೆಯಲ್ಲಿ ಚರ್ಚೆ ಆಗೋದು ಮಾತ್ರ ಎರಡೇ ವಿಷಯ. ಎಷ್ಟು ದುಡ್ಡು? ನೋವಾಗುತ್ತಾ? ಮೂರನೆಯ ಪ್ರಶ್ನೆ ಕೇಳೋರು ಕಡಿಮೆ: ಸುಮಾರು ಎರಡು ವರ್ಷ, ತಿಂಗಳಿಗೊಮ್ಮೆ, ತಪ್ಪದೆ ಡಾಕ್ಟ್ರ ಹತ್ರ ಹೋಗೋಕೆ ನಮ್ಮಿಂದ ಆಗುತ್ತಾ? ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಶುರು ಮಾಡಿ ಅರ್ಧಕ್ಕೆ ಬಿಟ್ಟರೆ ದುಡ್ಡೂ ಹೋಗುತ್ತೆ, ಹಲ್ಲು ಮೊದಲಿಗಿಂತ ಹದಗೆಡಲೂಬಹುದು. ಹಾಗಾಗಿ ಮೊದಲ ದಿನದಿಂದ ಕ್ಲಿಪ್ ಬಿಚ್ಚಿದ ಮೇಲಿನವರೆಗೆ ಏನೇನು ಆಗುತ್ತೆ, ಎಲ್ಲಿ ಎಚ್ಚರ ಬೇಕು ಅನ್ನೋದು ಇಲ್ಲಿದೆ.

ಕ್ಲಿಪ್ ಹೇಗೆ ಕೆಲಸ ಮಾಡುತ್ತೆ?

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಗಟ್ಟಿಯಾಗಿ ಕೂತಿರುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಹಾಗಿಲ್ಲ. ಹಲ್ಲಿನ ಬೇರಿಗೂ ದವಡೆಯ ಎಲುಬಿಗೂ ನಡುವೆ ತೆಳುವಾದ ನಾರಿನಂಥ ಪದರ ಇದೆ. ಹಲ್ಲಿನ ಮೇಲೆ ಸಣ್ಣ ಒತ್ತಡ ಬಹಳ ದಿನ ಬಿದ್ದರೆ, ಒತ್ತುವ ಕಡೆ ಎಲುಬು ಕರಗುತ್ತೆ, ಹಿಂದೆ ಖಾಲಿಯಾದ ಕಡೆ ಹೊಸ ಎಲುಬು ಬೆಳೆಯುತ್ತೆ. ಹೀಗೆ ಹಲ್ಲು ಬೇರು ಸಮೇತ ಸರಿಯುತ್ತೆ.

ಹಲ್ಲಿನ ಮೇಲೆ ಅಂಟಿಸುವ ಚಿಕ್ಕ ತುಂಡಿಗೆ ಬ್ರಾಕೆಟ್ ಅಂತಾರೆ. ಅದು ಹಿಡಿಕೆ ಇದ್ದ ಹಾಗೆ. ನಿಜವಾದ ಕೆಲಸ ಮಾಡೋದು ಅದರೊಳಗೆ ಹಾದುಹೋಗುವ ತಂತಿ. ಶುರುವಿನಲ್ಲಿ ಹಾಕುವ ತಂತಿ ಹೆಚ್ಚಾಗಿ ನಿಕ್ಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ್ದು. ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳೋಕೆ ನೋಡುತ್ತೆ, ಹಾಗೆ ಮರಳುವಾಗ ಹಲ್ಲನ್ನೂ ಎಳೆದುಕೊಂಡು ಬರುತ್ತೆ. ರೋಲ್ಡ್ ಗೋಲ್ಡ್ ಓಲೆ, ಬಳೆ ಹಾಕಿದರೆ ತುರಿಕೆ ಬರುವವರು ಇದನ್ನು ಡಾಕ್ಟ್ರಿಗೆ ಮೊದಲೇ ಹೇಳಬೇಕು. ನಿಕ್ಕಲ್ ಅಲರ್ಜಿ ಇದ್ದರೆ ಬೇರೆ ತಂತಿ ಬಳಸ್ತಾರೆ.

ಹಲ್ಲು ಸರಿಯುವ ವೇಗ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಅಷ್ಟೇ. 'ಜಾಸ್ತಿ ದುಡ್ಡು ಕೊಡ್ತೀವಿ, ಜಲ್ದಿ ಮುಗಿಸಿ' ಅಂದರೆ ಆಗದ ಕೆಲಸ ಇದು. ಜೋರಾಗಿ ಎಳೆದರೆ ಬೇರಿಗೇ ಪೆಟ್ಟು. ಅದಕ್ಕೇ ಹೆಚ್ಚಿನವರಿಗೆ 18ರಿಂದ 24 ತಿಂಗಳು ಬೇಕು, ಹಲ್ಲು ತೆಗೆದು ಜಾಗ ಮಾಡಿಕೊಂಡವರಿಗೆ ಇನ್ನೂ ಕೆಲವು ತಿಂಗಳು ಹೆಚ್ಚು.

ಮೊದಲ ಭೇಟಿಯಲ್ಲೇ ತಂತಿ ಹಾಕಲ್ಲ

ಮೊದಲ ದಿನ ಹೋದ ಕೂಡಲೇ ಕ್ಲಿಪ್ ಹಾಕಿ ಕಳಿಸ್ತೀವಿ ಅಂದರೆ ಸ್ವಲ್ಪ ಯೋಚನೆ ಮಾಡಿ. ಕ್ರಮ ಹೀಗಿರುತ್ತೆ: ಬಾಯಿ ಪೂರ್ತಿ ನೋಡ್ತಾರೆ, ಎರಡೂ ದವಡೆಯ ಎಕ್ಸ್‌ರೇ ಮತ್ತು ಮುಖದ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸ್ತಾರೆ, ಫೋಟೋ ತೆಗೀತಾರೆ, ಹಲ್ಲಿನ ಅಚ್ಚು ತೆಗೀತಾರೆ. ಅಚ್ಚು ತೆಗೆಯೋವಾಗ ಮೆತ್ತನೆ ಹಿಟ್ಟಿನಂಥದ್ದನ್ನು ಟ್ರೇನಲ್ಲಿ ತುಂಬಿ ಬಾಯಿಗೆ ಇಡ್ತಾರೆ. ಕೆಲವರಿಗೆ ವಾಂತಿ ಬಂದಂತಾಗುತ್ತೆ, ಮೂಗಿನಿಂದ ಉಸಿರಾಡಿದರೆ ಎರಡು-ಮೂರು ನಿಮಿಷದಲ್ಲಿ ಮುಗಿಯುತ್ತೆ.

ಹುಳುಕು ಇದ್ದರೆ ತುಂಬಿಸಬೇಕು, ಕಿಟ್ಟ ಕಟ್ಟಿದ್ದರೆ ಕ್ಲೀನಿಂಗ್ ಆಗಬೇಕು, ಒಸಡಿನಲ್ಲಿ ರಕ್ತ ಬರ್ತಿದ್ದರೆ ಅದು ವಾಸಿಯಾಗಬೇಕು. ಇವೆಲ್ಲ ಆದ ಮೇಲೇ ಕ್ಲಿಪ್. ಗುಟ್ಕಾ, ತಂಬಾಕು ಹಾಕುವವರ ಒಸಡು ಮೊದಲೇ ಸೋತಿರುತ್ತೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರದ್ದೂ ಹಾಗೇ. ಅವರು ಇದನ್ನು ಮುಚ್ಚಿಟ್ಟು ಕ್ಲಿಪ್ ಹಾಕಿಸಿಕೊಂಡರೆ ಹಲ್ಲು ಅಲುಗಾಡೋಕೆ ಶುರುವಾಗುವ ಅಪಾಯ ಇದೆ.

'ಒಳ್ಳೆ ಹಲ್ಲು ಕೀಳ್ತಾರಂತಲ್ರೀ?'

ಹೌದು, ಕೆಲವರಿಗೆ ಕೀಳಲೇಬೇಕಾಗುತ್ತೆ. ಎಲ್ಲರಿಗೂ ಅಲ್ಲ. ದವಡೆ ಚಿಕ್ಕದು, ಹಲ್ಲು ದೊಡ್ಡವು ಅಂದಾಗ ಒಂದರ ಮೇಲೊಂದು ಏರಿಕೊಂಡು ನಿಲ್ತವೆ. ಇಲ್ಲವೇ ಮುಂದಿನ ಹಲ್ಲು ಪೂರ್ತಿ ಉಬ್ಬಿರುತ್ತೆ. ಅವನ್ನು ಹಿಂದೆ ತರೋಕೆ ಜಾಗ ಬೇಕು. ಆಗ ಹೆಚ್ಚಾಗಿ ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆ ಹಲ್ಲನ್ನು ತೆಗೀತಾರೆ. ಕೆಲವರಿಗೆ ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಆ ಜಾಗ ಕ್ಲಿಪ್‌ನಿಂದಲೇ ಮುಚ್ಚಿಹೋಗುತ್ತೆ. ಒಂದೊಂದು ಹಲ್ಲಿನ ಅಗಲ ಸುಮಾರು 7 ಮಿಲಿಮೀಟರ್ ಇರುವುದರಿಂದ ಮುಚ್ಚೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತೆ ಅನ್ನೋ ಮಾತು ನಮ್ಮ ಕಡೆ ಈಗಲೂ ಇದೆ. ಇದು ಸುಳ್ಳು. ನೋಟಕ್ಕೆ ಸಂಬಂಧಪಟ್ಟ ನರ ಬೇರೆ, ಹಲ್ಲಿನ ನರ ಬೇರೆ.

ಕ್ಲಿಪ್ ಹಾಕುವ ದಿನ, ಮತ್ತೆ ಮೊದಲ ವಾರ

ಕೆಲವರಿಗೆ ಕ್ಲಿಪ್ ಹಾಕುವ ಕೆಲವು ದಿನ ಮೊದಲು ದವಡೆ ಹಲ್ಲುಗಳ ಸಂದಿಯಲ್ಲಿ ಚಿಕ್ಕ ರಬ್ಬರ್ ರಿಂಗ್ ಸಿಕ್ಕಿಸ್ತಾರೆ. ಹಿಂದಿನ ಹಲ್ಲಿಗೆ ಉಂಗುರದಂಥ ಬ್ಯಾಂಡ್ ಕೂರಿಸೋಕೆ ಜಾಗ ಮಾಡಲು ಇದು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ ಅನ್ನಿಸುತ್ತೆ, ಕಡ್ಡಿ ಹಾಕಿ ತೆಗೀಬೇಡಿ.

ಕ್ಲಿಪ್ ಅಂಟಿಸೋಕೆ ಒಂದರಿಂದ ಎರಡು ತಾಸು ಬೇಕು. ಇಂಜೆಕ್ಷನ್ ಇಲ್ಲ, ಹಲ್ಲು ಕೊರೆಯೋದಿಲ್ಲ. ಹಲ್ಲಿನ ಮೇಲೆ ಒಂದು ಜೆಲ್ ಹಚ್ಚಿ ತೊಳೆದು, ಅಂಟು ಹಾಕಿ, ಬ್ರಾಕೆಟ್ ಇಟ್ಟು, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡ್ತಾರೆ. ಬಾಯಿ ತೆರೆದು ತೆರೆದು ದವಡೆ ಸೋಲುತ್ತೆ, ಅಷ್ಟೇ.

ನೋವು ಶುರುವಾಗೋದು ಮನೆಗೆ ಬಂದು ಕೆಲವು ತಾಸಿನ ಮೇಲೆ. ಮೊದಲ ಎರಡು-ಮೂರು ದಿನ ಹೆಚ್ಚು, ವಾರದೊಳಗೆ ಇಳಿಯುತ್ತೆ. ಹಲ್ಲುಗಳನ್ನು ಒಂದಕ್ಕೊಂದು ತಾಗಿಸೋಕೂ ಆಗದಂಥ ನೋವು ಇರಬಹುದು. ಡಾಕ್ಟ್ರು ಬರೆದುಕೊಟ್ಟ ಮಾತ್ರೆ ಸಾಕು. ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ಜೋರು ಪವರ್‌ನದ್ದು ತಗೋಬೇಡಿ. ಹಲ್ಲು ಸ್ವಲ್ಪ ಅಲುಗಾಡಿದಂತೆ ಅನ್ನಿಸಿದರೆ ಹೆದರಬೇಕಿಲ್ಲ. ಅದು ಸರಿಯೋಕೆ ಶುರುವಾದ ಲಕ್ಷಣ.

ನೋವಿಗಿಂತ ಕಿರಿಕಿರಿ ಮಾಡೋದು ಕೆನ್ನೆ, ತುಟಿಯ ಒಳಗಿನ ಹುಣ್ಣು. ಇದಕ್ಕೆ ಕ್ಲಿನಿಕ್‌ನಲ್ಲಿ ಒಂದು ಮೇಣ ಕೊಡ್ತಾರೆ. ಚುಚ್ಚುವ ಬ್ರಾಕೆಟ್ ಒರೆಸಿ ಒಣಗಿಸಿ, ಕಡಲೆಕಾಳಿಗಿಂತ ಚಿಕ್ಕ ಉಂಡೆ ಮಾಡಿ ಅದರ ಮೇಲೆ ಒತ್ತಬೇಕು. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಹಗುರ ಆಗುತ್ತೆ. ಎರಡು-ಮೂರು ವಾರದಲ್ಲಿ ಬಾಯಿ ಒಗ್ಗಿಕೊಳ್ಳುತ್ತೆ.

ಕಟಕ ರೊಟ್ಟಿಗೆ ಎರಡು ವರ್ಷ ರಜೆ

ನಮ್ಮ ಭಾಗದಲ್ಲಿ ಬ್ರಾಕೆಟ್ ಕಿತ್ತುಬರೋದಕ್ಕೆ ದೊಡ್ಡ ಕಾರಣ ಊಟವೇ. ಕಟಕ ರೊಟ್ಟಿ, ಹುರಿದ ಶೇಂಗಾ, ಪುಟಾಣಿ, ಚಕ್ಕುಲಿ, ಸುಟ್ಟ ಗೋವಿನಜೋಳದ ತೆನೆ, ಕಬ್ಬು, ಕಾಯಿ ಪೇರಲ, ಮಾವಿನಕಾಯಿ ಇವೆಲ್ಲ ದೂರ ಇಡಬೇಕು. ಪಂಚಮಿ ಹಬ್ಬದ ಶೇಂಗಾ ಉಂಡಿ, ಅಂಟಿನ ಉಂಡಿ ಕಚ್ಚಿದರೆ ಬ್ರಾಕೆಟ್ ಉಳಿಯೋದು ಕಷ್ಟ. ಚಾಕೊಲೇಟ್, ಚೂಯಿಂಗ್ ಗಮ್ ಅಂಟಿಕೊಂಡು ಬಿಡೋದಿಲ್ಲ.

ಮೆತ್ತನೆ ರೊಟ್ಟಿಯನ್ನು ಸಾರು, ಬ್ಯಾಳಿಯಲ್ಲಿ ನೆನೆಸಿ ತಿನ್ನಬಹುದು. ಅನ್ನ, ಇಡ್ಲಿ, ಉಪ್ಪಿಟ್ಟು, ಬಾಳೆಹಣ್ಣು, ಮೊಸರು, ಬೇಯಿಸಿದ ತರಕಾರಿ ಯಾವುದಕ್ಕೂ ಅಡ್ಡಿ ಇಲ್ಲ. ಸಂಜೆ ಮಿರ್ಚಿ-ಮಂಡಕ್ಕಿ ಬಿಡೋಕೆ ಆಗದವರು ಮಂಡಕ್ಕಿಯೊಳಗಿನ ಶೇಂಗಾ ಆರಿಸಿ ತೆಗೆದು ತಿನ್ನಲಿ. ಸೇಬು, ಗಜ್ಜರಿ ತಿನ್ನಬೇಕಂದರೆ ಸಣ್ಣಗೆ ಹೆಚ್ಚಿ ಹಿಂದಿನ ಹಲ್ಲಿನಿಂದ ಅಗಿಯಬೇಕು.

ಅಂಗಡಿಯವರಿಗೆ ಇನ್ನೊಂದು ಮಾತು. ಪ್ಯಾಕೆಟ್ ಹಲ್ಲಿನಿಂದ ಹರಿಯೋದು, ಹೊಲಿಗೆ ದಾರ ಕಚ್ಚಿ ಕಡಿಯೋದು, ಪೆನ್ನು ಕಚ್ಚೋದು ಕೈಬಿಡಬೇಕು. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಹಾಕಿಸಿಕೊಂಡವರಿಗೆ ಅರಿಶಿನದ ಸಾರು, ಚಹಾದಿಂದ ಅದರ ಮೇಲಿನ ಪಾರದರ್ಶಕ ರಬ್ಬರ್ ಹಳದಿ ಆಗುತ್ತೆ. ಮುಂದಿನ ಭೇಟಿಯಲ್ಲಿ ಅದನ್ನು ಬದಲಾಯಿಸ್ತಾರೆ, ಗಾಬರಿ ಬೇಡ.

ಬ್ರಷ್ ಮಾಡದಿದ್ದರೆ ಬಿಳಿ ಮಚ್ಚೆ

ಬ್ರಾಕೆಟ್ ಸುತ್ತ ಊಟದ ಚೂರು ನಿಲ್ಲುತ್ತೆ. ಬೆಳಿಗ್ಗೆ ಒಮ್ಮೆ ಉಜ್ಜಿದರೆ ಸಾಲದು. ಪ್ರತಿ ಊಟದ ಮೇಲೆ, ಆಗದಿದ್ದರೆ ಬಾಯಿ ಚೆನ್ನಾಗಿ ಮುಕ್ಕಳಿಸಿ, ರಾತ್ರಿ ಮಲಗೋ ಮುಂಚೆ ಫ್ಲೋರೈಡ್ ಪೇಸ್ಟ್‌ನಿಂದ ಕಡ್ಡಾಯವಾಗಿ ಉಜ್ಜಬೇಕು. ತಂತಿಯ ಕೆಳಗೆ ತೂರಿಸುವ ಚಿಕ್ಕ ಬ್ರಷ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ.

ಹೀಗೆ ಮಾಡದಿದ್ದರೆ ಏನಾಗುತ್ತೆ ಅನ್ನೋದು ಕ್ಲಿಪ್ ಬಿಚ್ಚಿದ ದಿನ ಗೊತ್ತಾಗುತ್ತೆ. ಬ್ರಾಕೆಟ್ ಇದ್ದ ಜಾಗದ ಸುತ್ತ ಚೌಕಟ್ಟಿನಂತೆ ಬಿಳಿ ಮಚ್ಚೆ ಉಳಿದಿರುತ್ತೆ. ಹಲ್ಲು ಸಾಲಾಗಿ ನಿಂತರೂ ಆ ಮಚ್ಚೆ ಪೂರ್ತಿ ಹೋಗೋದು ಕಷ್ಟ. ಅದು ಹುಳುಕಿನ ಮೊದಲ ಹಂತ.

ತಿಂಗಳ ಭೇಟಿ: ಇಲ್ಲೇ ಹೆಚ್ಚಿನವರು ಸೋಲೋದು

ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ತಂತಿ ಬದಲಿಸ್ತಾರೆ ಅಥವಾ ಬಿಗಿ ಮಾಡ್ತಾರೆ. ಹದಿನೈದು-ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ಎರಡು ದಿನ ಮತ್ತೆ ಸಣ್ಣ ನೋವು. ಕೆಲವರಿಗೆ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಸಿಕ್ಕಿಸುವ ಚಿಕ್ಕ ರಬ್ಬರ್ ಕೊಡ್ತಾರೆ. ಅದನ್ನು ಊಟ, ಬ್ರಷ್ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿಕೊಳ್ಳಬೇಕು, ದಿನಾ ಬದಲಿಸಬೇಕು. 'ಡಾಕ್ಟ್ರ ಹತ್ರ ಹೋಗೋ ದಿನ ಹಾಕ್ಕೊಂಡರಾಯ್ತು' ಅನ್ನೋರದ್ದು ತಿಂಗಳಾನುಗಟ್ಟಲೆ ಮುಂದೆ ಹೋಗುತ್ತೆ.

ತಾಲೂಕು ಊರುಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ಅನೇಕ ಕ್ಲಿನಿಕ್‌ಗಳಿಗೆ ಕ್ಲಿಪ್‌ನ ಸ್ಪೆಷಲಿಸ್ಟ್ ಹೊರಗಿನ ಊರಿಂದ ತಿಂಗಳಲ್ಲಿ ಒಂದೋ ಎರಡೋ ದಿನ ಬರ್ತಾರೆ. ಆ ದಿನ ಸಂತೆ ಇತ್ತು, ಅಂಗಡಿ ಬಿಡೋಕೆ ಆಗಲಿಲ್ಲ, ಮದುವೆಗೆ ಹೋಗಿದ್ವಿ ಅಂತ ತಪ್ಪಿಸಿದರೆ ಮುಂದಿನ ಭೇಟಿಗೆ ಎರಡು ತಿಂಗಳು. ಹೀಗೆ ನಾಲ್ಕು ಸಲ ಆದರೆ ಎರಡು ವರ್ಷದ್ದು ಇನ್ನೂ ಕೆಲವು ತಿಂಗಳು ಮುಂದೆ ಹೋಗುತ್ತೆ.

ದುಡ್ಡಿನ ವಿಷಯವೂ ಇಲ್ಲೇ ಬರುತ್ತೆ. ಹೆಚ್ಚಿನ ಕಡೆ ಶುರುವಿನಲ್ಲಿ ಒಂದಿಷ್ಟು, ಆಮೇಲೆ ಭೇಟಿಗೆ ಇಂತಿಷ್ಟು ಅಂತ ಕಂತು ಇರುತ್ತೆ. ಬೆಳೆಗೆ ರೇಟ್ ಬಿದ್ದಾಗ, ವ್ಯಾಪಾರ ಕುಂತಾಗ ಕಂತಿಗೆ ದುಡ್ಡಿಲ್ಲ ಅಂತ ನಾಚಿಕೆಪಟ್ಟು ಭೇಟಿಗೇ ಹೋಗದವರು ಇದ್ದಾರೆ. ಹಾಗೆ ಮಾಡಬೇಡಿ. ದುಡ್ಡು ತಡ ಆಗುತ್ತೆ ಅಂತ ನೇರವಾಗಿ ಹೇಳಿ, ಭೇಟಿ ಮಾತ್ರ ತಪ್ಪಿಸಬೇಡಿ. ಕಂತು ಮುಂದೆ ಹೋಗಬಹುದು, ಬಾಯಲ್ಲಿರುವ ತಂತಿ ನಿಮ್ಮ ದುಡ್ಡಿಗೆ ಕಾಯೋದಿಲ್ಲ.

ಅರ್ಧಕ್ಕೆ ಬಿಟ್ಟರೆ ಏನಾಗುತ್ತೆ?

ತಂತಿ ಯಾರೂ ನೋಡದೆ ತನ್ನ ಪಾಡಿಗೆ ಹಲ್ಲನ್ನು ಎಳೆಯುತ್ತಲೇ ಇರುತ್ತೆ. ಕಿತ್ತ ಹಲ್ಲಿನ ಜಾಗ ಅರ್ಧ ತೆರೆದೇ ಉಳಿಯುತ್ತೆ, ಅಲ್ಲಿ ಊಟ ಸಿಕ್ಕಿಕೊಳ್ಳುತ್ತೆ. ಅಕ್ಕಪಕ್ಕದ ಹಲ್ಲು ಆ ಕಡೆ ವಾಲುತ್ತೆ. ಬ್ರಾಕೆಟ್ ಸುತ್ತ ಹುಳುಕು ಹಿಡಿಯುತ್ತೆ. ಮನೆಯಲ್ಲೇ ಇಕ್ಕಳದಿಂದ ಬ್ರಾಕೆಟ್ ಕೀಳೋಕೆ ಹೋದರೆ ಹಲ್ಲಿನ ಮೇಲ್ಪದರವೇ ಎದ್ದು ಬರಬಹುದು. ಮುಂದುವರಿಸೋಕೆ ಆಗೋದೇ ಇಲ್ಲ ಅಂದರೆ ಕ್ಲಿನಿಕ್‌ಗೆ ಹೋಗಿ ಬಿಚ್ಚಿಸಿ, ಇದ್ದ ಸ್ಥಿತಿಯಲ್ಲಿ ಹಲ್ಲು ನಿಲ್ಲಿಸೋ ವ್ಯವಸ್ಥೆ ಕೇಳಿ.

ಅರ್ಧಕ್ಕೆ ನಿಲ್ಲೋಕೆ ಇನ್ನೂ ಎರಡು ಕಾರಣ ಊರಿನಲ್ಲಿ ಸಾಮಾನ್ಯ. ಒಂದು, ಎಸ್ಸೆಸ್ಸೆಲ್ಸಿ ರಜೆಯಲ್ಲಿ ಕ್ಲಿಪ್ ಹಾಕಿಸಿ, ಜೂನ್‌ನಲ್ಲಿ ಪಿಯುಸಿಗೆ ಧಾರವಾಡದ ಹಾಸ್ಟೆಲ್‌ಗೆ ಸೇರಿಸೋದು. ಏಳು, ಎಂಟನೇ ಕ್ಲಾಸಿನಲ್ಲೇ ಶುರು ಮಾಡಿದರೆ ಮಗು ಊರಲ್ಲಿರುವಾಗಲೇ ಮುಗಿಯುತ್ತೆ. ಇಲ್ಲವೇ ಓದೋ ಊರಿನಲ್ಲೇ ಹಾಕಿಸಿ. ಎರಡನೆಯದು ಮದುವೆ. ಆರು ತಿಂಗಳಿಗೆ ಮುಹೂರ್ತ ಇಟ್ಟುಕೊಂಡು ಉಬ್ಬು ಹಲ್ಲು ಸರಿಮಾಡಿ ಅಂದರೆ ಆಗೋದಿಲ್ಲ. ನಡುವೆ ಹುಡುಗಿ ಗಂಡನ ಊರಿಗೆ ಹೋದರೆ ಚಿಕಿತ್ಸೆ ಅಲ್ಲೇ ನಿಂತುಬಿಡುತ್ತೆ. ಹೋಗಲೇಬೇಕಾದರೆ ಎಕ್ಸ್‌ರೇ, ಚಿಕಿತ್ಸೆಯ ವಿವರ ಬರೆಸಿಕೊಂಡು ಆ ಊರಿನ ಡಾಕ್ಟ್ರಿಗೆ ತೋರಿಸಿ.

ಯಾವ ವಯಸ್ಸು? ಯಾರ ಹತ್ರ?

ಏಳು ವರ್ಷದ ಸುಮಾರಿಗೆ ಮಗುವಿನ ಹಲ್ಲನ್ನು ಒಮ್ಮೆ ತೋರಿಸೋದು ಒಳ್ಳೆಯದು. ಬೆರಳು ಚೀಪೋದು, ಬಾಯಿಂದ ಉಸಿರಾಡೋದು, ಕೆಳದವಡೆ ಮುಂದೆ ಬಂದಿರೋದು ಆಗಲೇ ಕಾಣುತ್ತೆ. ಪೂರ್ತಿ ಕ್ಲಿಪ್‌ಗೆ ಹೆಚ್ಚಾಗಿ ಹಾಲುಹಲ್ಲು ಬಿದ್ದ ಮೇಲೆ, 11ರಿಂದ 14 ವರ್ಷದ ನಡುವೆ ಸರಿಯಾದ ಹೊತ್ತು. ದೊಡ್ಡವರಿಗೂ ಆಗುತ್ತೆ. ಒಸಡು, ಎಲುಬು ಗಟ್ಟಿ ಇದ್ದರೆ ಮೂವತ್ತು, ನಲವತ್ತು ವರ್ಷದವರೂ ಹಾಕಿಸಿಕೊಳ್ಳಬಹುದು, ಸಮಯ ಸ್ವಲ್ಪ ಹೆಚ್ಚು.

ಬಿಡಿಎಸ್ ಓದಿದವರು ಹಲ್ಲಿನ ಎಲ್ಲ ಸಾಮಾನ್ಯ ಚಿಕಿತ್ಸೆ ಮಾಡ್ತಾರೆ. ಹಲ್ಲು ಸರಿಸುವ ವಿಷಯವನ್ನೇ ಮತ್ತೆ ಮೂರು ವರ್ಷ ಓದಿದವರು ಎಂಡಿಎಸ್ ಆರ್ಥೊಡಾಂಟಿಕ್ಸ್ ಡಾಕ್ಟ್ರು. ನಿಮ್ಮ ಕೇಸ್ ಯಾರು ನೋಡ್ತಾರೆ, ಅವರ ಓದು ಏನು ಅಂತ ಕೇಳೋದು ತಪ್ಪಲ್ಲ. ಪದವಿ ಇಲ್ಲದೆ ಹಲ್ಲು ಕಟ್ಟುವವರ ಹತ್ರ ಮಾತ್ರ ಹೋಗಲೇಬೇಡಿ.

ಖರ್ಚಿನ ಲೆಕ್ಕ ಊರಿಂದ ಊರಿಗೆ ಬೇರೆ. ಖಾಸಗಿ ಕ್ಲಿನಿಕ್‌ಗಳಲ್ಲಿ ಲೋಹದ ಕ್ಲಿಪ್‌ಗೆ ಹೆಚ್ಚಾಗಿ 25 ಸಾವಿರದಿಂದ 60 ಸಾವಿರ ರೂಪಾಯಿ ನಡುವೆ ಹೇಳ್ತಾರೆ. ಸೆರಾಮಿಕ್ ಅದಕ್ಕಿಂತ ಹೆಚ್ಚು, ಕಾಣದಂಥ ಪ್ಲಾಸ್ಟಿಕ್ ಅಲೈನರ್ ಇನ್ನೂ ಹೆಚ್ಚು. ಹಲ್ಲಿನ ಕಾಲೇಜುಗಳಲ್ಲಿ ಕಡಿಮೆ ಆಗುತ್ತೆ. ನಮಗೆ ಹತ್ತಿರದವು ಅಂದರೆ ದಾವಣಗೆರೆಯ ಬಾಪೂಜಿ ಡೆಂಟಲ್ ಕಾಲೇಜು, ಅಲ್ಲಿಯದೇ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಧಾರವಾಡದ ಎಸ್‌ಡಿಎಂ ಡೆಂಟಲ್ ಕಾಲೇಜು. ಇಂಥ ಕಾಲೇಜುಗಳಲ್ಲಿ ಎಂಡಿಎಸ್ ಓದುತ್ತಿರುವವರು ಪ್ರೊಫೆಸರ್‌ಗಳ ಉಸ್ತುವಾರಿಯಲ್ಲಿ ಚಿಕಿತ್ಸೆ ಮಾಡ್ತಾರೆ. ಕಾಯೋ ಹೊತ್ತು ಹೆಚ್ಚು, ಅವರ ಓದು ಮುಗಿದರೆ ನಿಮ್ಮ ಕೇಸ್ ಇನ್ನೊಬ್ಬರಿಗೆ ಹೋಗಬಹುದು. ಶಕ್ತಿ ಯೋಜನೆ ಇರುವುದರಿಂದ ತಾಯಿ-ಮಗಳಿಗೆ ಸಾದಾ ಸರ್ಕಾರಿ ಬಸ್ಸಿನ ಖರ್ಚು ಇಲ್ಲ, ಒಂದು ದಿನದ ಕೂಲಿ ಮತ್ತು ಶಾಲೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಇದು ಆಗುತ್ತಾ ಅಂತ ಕೇಳೋರಿದ್ದಾರೆ. ಅದು ಹಲ್ಲು ಬಿದ್ದ ಬಡ ಹಿರಿಯರಿಗೆ ಕೃತಕ ಹಲ್ಲಿನ ಸೆಟ್ ಕೊಡುವ ಯೋಜನೆ, ಕ್ಲಿಪ್‌ಗೆ ಅಲ್ಲ.

ಕ್ಲಿಪ್ ಬಿಚ್ಚಿದರೂ ಮುಗೀಲಿಲ್ಲ

ಬಿಚ್ಚುವ ದಿನ ನೋವು ಕಡಿಮೆ. ಬ್ರಾಕೆಟ್ ತೆಗೆದು, ಅಂಟು ಉಜ್ಜಿ ಪಾಲಿಶ್ ಮಾಡ್ತಾರೆ. ಆದರೆ ಹಲ್ಲಿನ ಸುತ್ತಲ ಎಲುಬು, ನಾರು ಹೊಸ ಜಾಗಕ್ಕೆ ಇನ್ನೂ ಒಗ್ಗಿರೋದಿಲ್ಲ. ಬಿಟ್ಟರೆ ಹಲ್ಲು ಹಳೇ ಜಾಗಕ್ಕೆ ಓಡುತ್ತೆ. ಅದನ್ನು ತಡೆಯೋಕೆ ರಿಟೇನರ್ ಕೊಡ್ತಾರೆ. ಹಲ್ಲಿನ ಹಿಂದೆ ಅಂಟಿಸುವ ಸಣ್ಣ ತಂತಿ, ಇಲ್ಲವೇ ತೆಗೆದು ಹಾಕುವ ಪ್ಲೇಟ್. ಪ್ಲೇಟ್ ಆದರೆ ಮೊದಲ ಕೆಲವು ತಿಂಗಳು ಹಗಲು-ರಾತ್ರಿ, ಆಮೇಲೆ ರಾತ್ರಿ ಹೊತ್ತು, ವರ್ಷಗಟ್ಟಲೆ. ಎರಡು ವರ್ಷ ಕಷ್ಟಪಟ್ಟು, ರಿಟೇನರ್ ಪೆಟ್ಟಿಗೆಯಲ್ಲೇ ಇಟ್ಟು ಹಲ್ಲು ಮತ್ತೆ ಸೊಟ್ಟ ಮಾಡಿಕೊಂಡವರು ಬಹಳ.

ಪ್ಲೇಟ್ ಬಿಸಿನೀರಿನಲ್ಲಿ ತೊಳೀಬೇಡಿ, ಆಕಾರ ಕೆಡುತ್ತೆ. ಹೋಟೆಲ್‌ನಲ್ಲಿ ಊಟಕ್ಕೆ ಕೂತಾಗ ಪೇಪರ್‌ನಲ್ಲಿ ಸುತ್ತಿ ಎಲೆ ಪಕ್ಕ ಇಟ್ಟರೆ ಎಲೆ ಜೊತೆಗೇ ಹೋಗುತ್ತೆ. ಡಬ್ಬಿ ಜೇಬಲ್ಲಿರಲಿ.

ವಿಡಿಯೋ ನೋಡಿ ರಬ್ಬರ್ ಹಾಕಬೇಡಿ

ಮುಂದಿನ ಎರಡು ಹಲ್ಲಿನ ಸಂದಿ ಮುಚ್ಚೋಕೆ ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ವಿಡಿಯೋಗಳು ಮೊಬೈಲ್‌ನಲ್ಲಿ ಓಡಾಡ್ತಿವೆ. ಹಲ್ಲು ಬೇರಿನ ಕಡೆ ಸಣ್ಣಗಾಗುತ್ತಾ ಹೋಗುವುದರಿಂದ ರಬ್ಬರ್ ಮೆಲ್ಲಗೆ ಒಸಡಿನೊಳಗೆ ಜಾರುತ್ತೆ. ಹೊರಗೆ ಕಾಣೋದೇ ಇಲ್ಲ. ಒಳಗೇ ಎಲುಬು ತಿಂದು, ಹುಳುಕಿಲ್ಲದ ಎರಡು ಹಲ್ಲೂ ಕಳಚಿ ಬೀಳುವವರೆಗೆ ಹೋಗುತ್ತೆ. ಮಕ್ಕಳ ಮೇಲೆ ಕಣ್ಣಿಡಿ. ರಬ್ಬರ್ ಹಾಕಿಕೊಂಡದ್ದು 'ಕಾಣೆಯಾಗಿದೆ' ಅಂದರೆ ಅದೇ ದಿನ ಡಾಕ್ಟ್ರಿಗೆ ತೋರಿಸಿ.

ಶುರು ಮಾಡೋ ಮೊದಲು ಇಷ್ಟು ಕೇಳಿ

1. ನನ್ನ ಕೇಸ್ ಯಾರು ನೋಡ್ತಾರೆ? ಅವರು ತಿಂಗಳಲ್ಲಿ ಯಾವ ದಿನ ಬರ್ತಾರೆ?
2. ಹಲ್ಲು ಕೀಳಬೇಕಾ? ಎಷ್ಟು? ಯಾಕೆ?
3. ಒಟ್ಟು ಎಷ್ಟು ತಿಂಗಳು?
4. ಹೇಳಿದ ದುಡ್ಡಿನಲ್ಲಿ ಎಕ್ಸ್‌ರೇ, ಹಲ್ಲು ಕೀಳೋದು, ರಿಟೇನರ್ ಸೇರಿದೆಯಾ?
5. ಬ್ರಾಕೆಟ್ ಕಿತ್ತುಬಂದರೆ ಮತ್ತೆ ಅಂಟಿಸೋಕೆ ಬೇರೆ ಚಾರ್ಜ್ ಇದೆಯಾ?
6. ಊರು ಬಿಟ್ಟು ಹೋಗಬೇಕಾದರೆ ಎಕ್ಸ್‌ರೇ, ದಾಖಲೆ ಕೊಡ್ತೀರಾ? ಉಳಿದ ದುಡ್ಡಿನ ಲೆಕ್ಕ ಹೇಗೆ?

ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಕಟ್ಟಿದ ಪ್ರತಿ ಕಂತಿಗೆ ರಸೀದಿ ಇಟ್ಟುಕೊಳ್ಳಿ. ನಡುವೆ ಬ್ರಾಕೆಟ್ ಸಡಿಲ ಆದರೆ ಅಥವಾ ತಂತಿ ಚುಚ್ಚಿದರೆ ಮೇಣ ಹಚ್ಚಿ, ಮುಂದಿನ ಭೇಟಿವರೆಗೆ ಕಾಯದೆ ಕ್ಲಿನಿಕ್‌ಗೆ ಫೋನ್ ಮಾಡಿ. ಕಿತ್ತುಬಂದ ತುಂಡು ನುಂಗಿ ಕೆಮ್ಮು, ಉಸಿರಾಟದ ತೊಂದರೆ ಕಂಡರೆ ಹಲ್ಲಿನ ಕ್ಲಿನಿಕ್‌ಗೆ ಅಲ್ಲ, ನೇರ ಹತ್ತಿರದ ಆಸ್ಪತ್ರೆಗೆ ಹೋಗಿ.